ಹೊಳೆಯಾಚೆಯ ರೈಲು, ದಾರಿಬದಿಯ ದೇವಾಪುರ

ಒಂದು ನಾಡಿನ ಏಳಿಗೆಯನ್ನು ಅಳೆಯುವುದಕ್ಕೆ ನಾನಾ ಬಗೆಯ ಅಳತೆಗೋಲುಗಳುಂಟು. ಶಾಲೆಗಳನ್ನು ಎಣಿಸುವವರುಂಟು, ಕಾಲುವೆಗಳ ಉದ್ದವನ್ನು ಹೇಳುವವರುಂಟು, ಆಯವ್ಯಯದ ಅಂಕಿಗಳನ್ನು ಮುಂದಿಡುವವರುಂಟು. ಆದರೆ ಹಳ್ಳಿಯ ಒಕ್ಕಲಿಗನು ಸರಕಾರವನ್ನು ಅಳೆಯುವ ಕೋಲು ಬೇರೆಯೇ ಆಗಿರುವುದು. ಬೇನೆ ಬಿದ್ದವರನ್ನು ಹೊತ್ತಿಗೆ ಸರಿಯಾಗಿ ದವಾಖಾನೆಗೆ ಮುಟ್ಟಿಸಬಹುದೇ, ಬೆಳೆದ ಹತ್ತಿಯನ್ನು ದರ ಇಳಿಯುವ ಮೊದಲೇ ಪೇಟೆಗೆ ಒಯ್ಯಬಹುದೇ, ಕಾಲೇಜಿಗೆ ಹೋದ ಮಗಳು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಾಳೇ ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಅವನ ತೀರ್ಪು ನಿಂತಿರುವುದು. ಈ ಮೂರೂ ದಾರಿಯ ಪ್ರಶ್ನೆಗಳು, ಬಂಡಿಯ ಪ್ರಶ್ನೆಗಳು ಎಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ದೇವಾಪುರವನ್ನು ಇಂದಿನ ಲೇಖನಕ್ಕೆ ನೆಪವಾಗಿ ತೆಗೆದುಕೊಂಡಿದ್ದೇವೆ. ಸುರಪುರದಿಂದ ತಿಂಥಣಿಯ ಕಡೆಗೆ, ಎಂದರೆ ಕೃಷ್ಣೆಯ ಕಡೆಗೆ, ಹೋಗುವ ಹೆದ್ದಾರಿಯ ಸೀಮೆಯಲ್ಲಿ ಈ ಊರಿರುವುದು. ರೈಲು ಕಾಣದ, ಆದರೆ ರೈಲಿನಿಂದಲೇ ತನ್ನ ಭಾಗ್ಯವೂ ದೌರ್ಭಾಗ್ಯವೂ ನಿರ್ಣಯವಾದ ಸೀಮೆಯಿದು. ಇಲ್ಲಿಯ ಕಥೆಯನ್ನು ಅರಿತರೆ ಕನ್ನಡನಾಡಿನ ನೂರಾರು ಸಣ್ಣ ಊರುಗಳ ಕಥೆಯನ್ನು ಅರಿತಂತೆ.

ಎರಡು ಹೊಳೆಗಳ ನಡುವೆ

ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರಿನ ಸೀಮೆಗೆ ಎಡೆದೊರೆ ನಾಡೆಂಬ ಹೆಸರು ಪ್ರಸಿದ್ಧವಾದುದು. ಅದರ ಉತ್ತರಕ್ಕೆ, ಕೃಷ್ಣೆ ಭೀಮೆಗಳ ನಡುವೆ, ಅಂತಹದೇ ಇನ್ನೊಂದು ಎಡೆನಾಡಿರುವುದು. ಶಹಾಪುರ ಸುರಪುರ ತಾಲ್ಲೂಕುಗಳು ಇದರೊಳಗೆ ಸೇರಿವೆ. ನೆಲವು ಬಹುಪಾಲು ಎರೆಭೂಮಿ. ಬೇಸಿಗೆಯಲ್ಲಿ ಅದು ಬಿರಿದು ಬಾಯ್ದೆರೆಯುವುದು. ಒಂದು ಮಳೆಯಾದರೆ ಚಕ್ಕಡಿಯ ಗಾಲಿಯನ್ನು ಅಚ್ಚಿನವರೆಗೆ ನುಂಗುವುದು. ದಕ್ಷಿಣಕ್ಕೂ ಪೂರ್ವಕ್ಕೂ ಹೊಳೆಗಳು. ಸೇತುವೆಗಳಾಗುವ ಮೊದಲು ಮಳೆಗಾಲದ ನಾಲ್ಕು ತಿಂಗಳು ಹರಿಗೋಲಿನ ಅಂಬಿಗನೇ ಇಲ್ಲಿಯ ಸಾರಿಗೆ ಇಲಾಖೆ. ಬಿದಿರಿನ ಹೆಣಿಗೆಗೆ ತೊಗಲನ್ನು ಹೊದಿಸಿದ ಆ ದುಂಡು ದೋಣಿಯಲ್ಲಿ ಮದುವೆಯ ದಿಬ್ಬಣವೂ ಜೋಳದ ಚೀಲವೂ ಟಪಾಲಿನ ಗಂಟೂ ಒಂದೇ ಭಾಡಿಗೆಯ ಲೆಕ್ಕದಲ್ಲಿ ದಡ ಸೇರುತ್ತಿದ್ದವು. ಇದನ್ನು ಮುತ್ತಜ್ಜಂದಿರ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಸುರಪುರ ತಾಲ್ಲೂಕಿನ ನಡುಗಡ್ಡೆಯಾದ ನೀಲಕಂಠರಾಯನ ಗಡ್ಡಿಯ ಜನರು, ಹೊಳೆ ತುಂಬಿದಾಗ ಸೋರೆಬುರುಡೆಯನ್ನು ನಡುವಿಗೆ ಕಟ್ಟಿಕೊಂಡು ಈಜಿ ದಡ ಸೇರಿದುದು ಈ ಇಪ್ಪತ್ತೊಂದನೆಯ ಶತಮಾನದ ಸಂಗತಿ.

ಹೀಗೆ ನೀರಿನಿಂದ ಬಳಸಲ್ಪಟ್ಟಿದ್ದುದು ಒಂದು ಕಾಲದಲ್ಲಿ ಈ ಸೀಮೆಗೆ ಬಲವಾಗಿತ್ತು. ಸುರಪುರದ ನಾಯಕ ಅರಸರು ಬೆಟ್ಟದ ಮರೆಯಲ್ಲಿಯೂ ಹೊಳೆಗಳ ಕಾವಲಿನಲ್ಲಿಯೂ ತಮ್ಮ ಸ್ವಾತಂತ್ರ್ಯವನ್ನು ದೀರ್ಘಕಾಲ ಉಳಿಸಿಕೊಂಡರು. ಮೆಡೋಸ್ ಟೇಲರನು 1841ರ ಸುಮಾರಿನಿಂದ ಬ್ರಿಟಿಷರ ಪ್ರತಿನಿಧಿಯಾಗಿ ಇಲ್ಲಿ ಆಡಳಿತವನ್ನು ನೋಡಿಕೊಂಡು 1853ರಲ್ಲಿ ಹೊರಟುಹೋದನು. ಗುಡ್ಡದ ಮೇಲಿನ ಅವನ ಬಂಗಲೆಯನ್ನು ಜನರು ಇಂದಿಗೂ ಟೇಲರ್ ಮಂಜಿಲ್ ಎನ್ನುವರು. ಅದೇ 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಮೊದಲನೆಯ ಪ್ರಯಾಣಿಕರ ಉಗಿಬಂಡಿ ಓಡಿತು. ಸುರಪುರದವರಿಗೆ ಆ ದಿನ ಅದರ ಸುಳಿವೂ ಇದ್ದಿರಲಾರದು. ಆದರೆ ಎರಡು ದಶಕಗಳೊಳಗೆ ಆ ಬಂಡಿಯೇ ಈ ಸೀಮೆಯ ಊರುಗಳ ಹಿರಿಕಿರಿತನವನ್ನು ತಲೆಕೆಳಗು ಮಾಡಿತು.

ಉಗಿಬಂಡಿ ಹಿಡಿದ ಹಾದಿ

1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಖಡ್ಗವನ್ನೆತ್ತಿ ಸೋತನು. ಅವನ ಅಂತ್ಯದೊಡನೆ ಸಂಸ್ಥಾನವೂ ಅಳಿಯಿತು. 1860ರಲ್ಲಿ ಸುರಪುರವು ಹೈದರಾಬಾದಿನ ನಿಜಾಮರ ವಶವಾಯಿತು. ಅದೇ 1860ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಗಳು ಸೊಲ್ಲಾಪುರವನ್ನು ಮುಟ್ಟಿದವು. ಅಲ್ಲಿಂದ ಕಲಬುರ್ಗಿ, ವಾಡಿ, ಯಾದಗಿರಿಗಳನ್ನು ಹಾದು 1871ರಲ್ಲಿ ಅವು ರಾಯಚೂರಿಗೆ ಬಂದು, ಮದರಾಸಿನ ಕಡೆಯಿಂದ ಬಂದ ಹಳಿಗಳೊಡನೆ ಕೂಡಿಕೊಂಡವು. ಮುಂಬಯಿ ಮದರಾಸುಗಳೆಂಬ ಎರಡು ಬಂದರುಗಳು ಒಂದಾದವು.

ಈ ಹಾದಿಯನ್ನು ನಕಾಶೆಯಲ್ಲಿ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಯಾದಗಿರಿಯು ಭೀಮೆಯ ಎಡದಡದಲ್ಲಿರುವುದು. ರೈಲು ಅಲ್ಲಿ ಭೀಮೆಯನ್ನು ದಾಟುವುದಿಲ್ಲ. ಆ ದಡದಲ್ಲಿಯೇ ತೆಂಕಮುಖವಾಗಿ ಇಳಿದು, ಭೀಮೆಯು ಕೃಷ್ಣೆಯನ್ನು ಕೂಡಿದ ಮೇಲೆ, ಸಂಗಮದ ಕೆಳಗಡೆ ಒಂದೇ ಸೇತುವೆಯಿಂದ ಕೃಷ್ಣೆಯನ್ನು ದಾಟಿ ರಾಯಚೂರಿಗೆ ಹೋಗುವುದು. ಹಣ ಹಾಕಿದ ಕಂಪನಿಗೆ ಇದು ಲಾಭದ ಜಾಣ್ಮೆ. ಎರಡು ಹೊಳೆಗಳ ನೀರನ್ನು ಒಂದೇ ಸೇತುವೆಯ ವೆಚ್ಚದಲ್ಲಿ ದಾಟಿದಂತಾಯಿತು. ಆದರೆ ಎರಡು ಹೊಳೆಗಳ ನಡುವೆ ಇದ್ದ ಶಹಾಪುರ ಸುರಪುರಗಳ ಪಾಲಿಗೆ ರೈಲು ಹೊಳೆಯಾಚೆಯದಾಗಿಯೇ ಉಳಿಯಿತು.

ಅದರ ಪರಿಣಾಮವನ್ನು ಇಂದಿಗೂ ಕಾಣಬಹುದು. ಸುರಪುರವು ರಾಜಧಾನಿಯಾಗಿದ್ದಾಗ ಅದರ ಹೆಸರಿಗಿದ್ದ ತೂಕ ಯಾದಗಿರಿಗೆ ಇರಲಿಲ್ಲ. ಹಳಿ ಬಿದ್ದ ಮೇಲೆ ಹತ್ತಿ, ಶೇಂಗಾ, ತೊಗರಿಗಳ ವ್ಯಾಪಾರವು ನಿಲ್ದಾಣದ ಬಳಿಗೆ ಸರಿಯಿತು. ದಲ್ಲಾಳಿಗಳು ಬಂದರು, ಗೋದಾಮುಗಳು ಎದ್ದವು. ಸುರಪುರದಿಂದ ಯಾದಗಿರಿಗೆ ಸುಮಾರು 50 ಕಿಲೋಮೀಟರು. ಹೇರು ತುಂಬಿದ ಚಕ್ಕಡಿಗೆ ಅದು ನಡುವೆ ಒಂದು ರಾತ್ರಿಯ ಬೀಡಿನ ಹಾದಿ. 2010ರ ಏಪ್ರಿಲ್‌ನಲ್ಲಿ ಕಲಬುರ್ಗಿ ಜಿಲ್ಲೆಯನ್ನು ಒಡೆದು ಹೊಸ ಜಿಲ್ಲೆಯನ್ನು ಮಾಡಿದಾಗ ಅದರ ಕೇಂದ್ರವಾದುದು ಯಾದಗಿರಿ. ಅರಸರ ಕಾಲದಲ್ಲಿ ಕೋಟೆಯಿದ್ದ ಊರು ದೊಡ್ಡದಾಗುತ್ತಿತ್ತು, ಕಂಪನಿಯ ಕಾಲದಿಂದ ನಿಲ್ದಾಣವಿದ್ದ ಊರು ದೊಡ್ಡದಾಗತೊಡಗಿತು ಎಂದರೆ ಅತಿಶಯೋಕ್ತಿಯಾಗಲಾರದು.

ನಿಲ್ದಾಣ ಒಂದೇ ಸಾಲದೆಂಬುದನ್ನು 1876ರಿಂದ 78ರವರೆಗಿನ ಘೋರ ಕ್ಷಾಮವು ತೋರಿಸಿಕೊಟ್ಟಿತು. ದಕ್ಷಿಣದ ಜಿಲ್ಲೆಗಳಿಗೆ ರೈಲಿನಲ್ಲಿ ಧಾನ್ಯವು ಬಂದಿತು. ಆದರೆ ನಿಲ್ದಾಣದಿಂದ ಒಳಹಳ್ಳಿಗೆ ಒಯ್ಯಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ರೈಲು ಹೊತ್ತು ತಂದ ಕಾಳು ಹಸಿದವನ ಬಾಯಿಗೆ ಮುಟ್ಟುವುದು ಕೊನೆಯ ಹತ್ತು ಹರದಾರಿಯ ದಾರಿಯಿಂದ ಎಂಬ ಪಾಠವನ್ನು ನಾಡು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 1880ರ ಕ್ಷಾಮ ಆಯೋಗವು 5000 ಮೈಲಿಗಳ ಹೊಸ ಹಳಿಗಳು ಕೂಡಲೇ ಬೇಕೆಂದು ಹೇಳಿತು. ಅದರ ಫಲವಾಗಿ ಸದರ್ನ್ ಮರಾಠಾ ರೈಲ್ವೆಯು ಹುಟ್ಟಿ, ಹೊಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹಳಿಗಳು ಬಂದವು. ಹೀಗೆ ನಮ್ಮ ಎಡೆನಾಡಿಗೆ ಮೂಡಲಲ್ಲಿ ಒಂದು ರೈಲು, ಪಡುವಲಲ್ಲಿ ಒಂದು ರೈಲು. ನಡುವಿನ ನೆಲ ಮಾತ್ರ ಚಕ್ಕಡಿಯ ಪಾಲಿಗೆ ಉಳಿಯಿತು.

ನಿಜಾಮ ಸರಕಾರದವರೂ ರೈಲುಗಳನ್ನು ಹಾಕಿಸಿದರು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಬಂಡಿ ಓಡಿತು. ಮುಂದೆ ಬೆಜವಾಡಕ್ಕೂ ಮನಮಾಡಕ್ಕೂ ಅವರ ಹಳಿಗಳು ಹಬ್ಬಿದವು. ಆದರೆ ಕೃಷ್ಣೆ ಭೀಮೆಗಳ ನಡುವಣ ಕನ್ನಡ ಸೀಮೆಗೆ ಅವು ತಿರುಗಿ ನೋಡಲಿಲ್ಲ. ಮೈಸೂರಿನ ಕಡೆ ಕೋಲಾರದ ಜಿಲ್ಲಾ ಬೋರ್ಡಿನ ಹೆಸರಿನಲ್ಲಿಯೇ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಕಿರುಹಳಿಯ ರೈಲು ಓಡಿತು. ಸ್ಥಳೀಯ ಸಂಸ್ಥೆಗಳಿಗೆ ಬಾಯಿದ್ದಲ್ಲಿ ಬಂಡಿಯೂ ಬರುವುದೆಂಬುದಕ್ಕೆ ಇದು ನಿದರ್ಶನ. ಹೈದರಾಬಾದು ಸಂಸ್ಥಾನದ ಕನ್ನಡಿಗರಿಗೆ ಆಗ ಅಂತಹ ಬಾಯಿ ಇರಲಿಲ್ಲ.

ರೈಲ್ವೆಯವರ ಮೋಟಾರು

ಸಂಸ್ಥಾನದ ಆಡಳಿತದಲ್ಲಿ ನಾವು ಒಪ್ಪದ ಸಂಗತಿಗಳು ಹಲವಿದ್ದರೂ ಒಂದು ವಿಷಯದಲ್ಲಿ ಅದಕ್ಕೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸುವುದು ನ್ಯಾಯ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಮೋಟಾರುಗಳು ಹಿಂದೂಸ್ಥಾನದ ಸಣ್ಣ ಊರುಗಳಿಗೆ ಬಂದವು. ಎಲ್ಲೆಡೆಯೂ ಖಾಸಗಿ ಮಾಲೀಕರ ಬಂಡಿಗಳು. ಲಾಭದ ಹಾದಿಗೆ ಹತ್ತು, ಬರಡು ಹಾದಿಗೆ ಒಂದೂ ಇಲ್ಲ. ಹೊರಡುವುದಕ್ಕೆ ಹೊತ್ತಿಲ್ಲ, ತುಂಬುವುದಕ್ಕೆ ಮಿತಿಯಿಲ್ಲ. ರೈಲಿನ ಆದಾಯವನ್ನು ಮೋಟಾರುಗಳು ಕಸಿಯುತ್ತಿವೆಯೆಂಬ ಕೂಗೆದ್ದು, ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು 1933ರಲ್ಲಿ ಈ ಪೈಪೋಟಿಯ ಕುರಿತು ವರದಿಯನ್ನು ಒಪ್ಪಿಸಿದರು. 1939ರ ಮೋಟಾರು ವಾಹನಗಳ ಕಾನೂನು ಈ ಚರ್ಚೆಗಳ ತರುವಾಯ ಬಂದುದು.

ಅಷ್ಟರೊಳಗೆ ಹೈದರಾಬಾದು ಬೇರೆ ಹಾದಿಯನ್ನು ಹಿಡಿದಿತ್ತು. ಕಂಪನಿಯ ಕೈಯಲ್ಲಿದ್ದ ರೈಲ್ವೆಯನ್ನು ನಿಜಾಮ ಸರಕಾರವು 1930ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತು. 1932ರ ಜೂನ್‌ನಲ್ಲಿ ಆ ರೈಲ್ವೆಯದೇ ಒಂದು ಶಾಖೆಯಾಗಿ ರಸ್ತೆ ಸಾರಿಗೆ ವಿಭಾಗವನ್ನು ತೆರೆಯಿತು. ಮೊದಲ ದಿನಗಳ ಬಂಡವಾಳ 27 ಬಸ್ಸುಗಳು, 166 ಜನ ನೌಕರರು. ಸರಕಾರವೇ ನಡೆಸುವ ಬಸ್ಸುಗಳು ಈ ದೇಶದಲ್ಲಿ ಮೊದಲಾದುದು ಹೀಗೆ. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಇಂದಿಗೂ ಕಾಪಾಡಿ ಇಟ್ಟಿರುವರು. ಅಲ್ಲಿಯ ಸಾರಿಗೆ ಬಸ್ಸುಗಳ ಸಂಖ್ಯೆಯಲ್ಲಿ ಬರುವ ಝಡ್ ಅಕ್ಷರವು ನಿಜಾಮರ ತಾಯಿಯ ಹೆಸರಿನ ಗುರುತೆಂದು ಜನರು ಹೇಳುವುದುಂಟು. ಕಾಲಕ್ರಮದಲ್ಲಿ ಈ ಬಸ್ಸುಗಳು ಸಂಸ್ಥಾನದ ಜಿಲ್ಲೆಗಳಿಗೆ ಹಬ್ಬಿದವು.

ಇಲ್ಲಿ ಗಮನಿಸತಕ್ಕ ಅಂಶವೊಂದಿರುವುದು. ರೈಲೂ ಬಸ್ಸೂ ಒಬ್ಬರೇ ಧಣಿಯವು. ಆದುದರಿಂದ ಬಸ್ಸು ರೈಲಿನ ಪ್ರತಿಸ್ಪರ್ಧಿಯಾಗಬೇಕಾದ ಕಾರಣವಿರಲಿಲ್ಲ. ರೈಲು ಮುಟ್ಟದ ಊರಿಗೆ ರೈಲಿನ ಕೈಯಾಗಿ ಚಾಚಬಹುದಾಗಿತ್ತು. ಇಂಗ್ಲೆಂಡಿನಲ್ಲಿಯೂ 1928ರ ಕಾನೂನುಗಳಿಂದ ರೈಲ್ವೆ ಕಂಪನಿಗಳಿಗೆ ರಸ್ತೆಯ ಮೇಲೆ ಬಂಡಿಗಳನ್ನು ಓಡಿಸುವ ಅಧಿಕಾರ ದೊರೆತಿದ್ದಿತು. ಪ್ರಯಾಣಿಕನಿಗೆ ಬೇಕಾದುದು ಹಳಿಯೂ ಅಲ್ಲ, ಟಾರು ರಸ್ತೆಯೂ ಅಲ್ಲ. ಮನೆಯ ಬಾಗಿಲಿನಿಂದ ಹೋಗಬೇಕಾದಲ್ಲಿಗೆ ಮುರಿಯದ ಒಂದು ಪ್ರಯಾಣ ಎಂಬ ತತ್ತ್ವವು ಈ ಏರ್ಪಾಡಿನ ಹಿಂದೆ ಇದ್ದಿತು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ಬರ ಬಂದು ದೇಶದ ಬಸ್ಸುಗಳ ಹಿಂದೆ ಇದ್ದಲಿನ ಅನಿಲದ ಒಲೆಗಳು ಕಾಣಿಸಿಕೊಂಡವು. ಏರು ಬಂದರೆ ಪ್ರಯಾಣಿಕರೇ ಇಳಿದು ನೂಕಬೇಕಾಗುತ್ತಿದ್ದ ಆ ಬಸ್ಸುಗಳ ನೆನಪನ್ನು ಹಿರಿಯರು ನಗುತ್ತ ಹೇಳುತ್ತಿದ್ದರು. ಯುದ್ಧದ ನಡುವೆಯೇ, 1943ರ ಡಿಸೆಂಬರಿನಲ್ಲಿ, ನಾಗಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರರು ದೇಶಕ್ಕೆಲ್ಲ ಒಂದು ರಸ್ತೆಯ ಯೋಜನೆಯನ್ನು ಬರೆದರು. ಒಕ್ಕಲುತನವು ಬಲಿತ ಸೀಮೆಯಲ್ಲಿ ಯಾವ ಹಳ್ಳಿಯೂ ದೊಡ್ಡ ರಸ್ತೆಯಿಂದ 5 ಮೈಲಿಗಿಂತ ದೂರವಿರಬಾರದೆಂಬುದು ಅವರ ಗುರಿ. ಆ ಗುರಿಯು ಹಳ್ಳಿಯ ದೃಷ್ಟಿಯಿಂದ ದಾರಿಯನ್ನು ನೋಡಿತೆಂಬುದೇ ಅದರ ಹಿರಿಮೆ.

ಕೂಡಿದ್ದು ಅಗಲಿದುದು

1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತದಲ್ಲಿ ಸೇರಿತು. 1951ರಲ್ಲಿ ರೈಲ್ವೆಯು ಕೇಂದ್ರದ ಪಾಲಾಯಿತು, ಬಸ್ಸುಗಳು ರಾಜ್ಯದ ಪಾಲಾದವು. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರು ಬೇರೆಯಾದರು. ದೇಶದ ರೈಲುಗಳನ್ನೆಲ್ಲ ಒಂದು ಮಾಡುವ ದೊಡ್ಡ ಕಾರ್ಯದಲ್ಲಿ ಇದು ಅನಿವಾರ್ಯವಾಗಿದ್ದಿತು. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಬೇರೆಯಾದ ಮೇಲೆ ಪರಸ್ಪರ ಮಾತನ್ನೇ ಬಿಟ್ಟುದು ಅನಿವಾರ್ಯವಾಗಿರಲಿಲ್ಲ.

1956ರ ನವೆಂಬರ್ 1ರಂದು ಕನ್ನಡಿಗರ ಬಹುಕಾಲದ ಹಂಬಲವು ಕೈಗೂಡಿ, ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದವು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಗಿದ್ದ ಮೈಸೂರು ಸರಕಾರದ ಸಾರಿಗೆ ಇಲಾಖೆಯ ಆಡಳಿತಕ್ಕೆ ಈ ಸೀಮೆಯ ಬಸ್ಸುಗಳೂ ಒಳಪಟ್ಟವು. 1961ರಲ್ಲಿ ಇಲಾಖೆಯು ನಿಗಮವಾಯಿತು. 2000ದಲ್ಲಿ ಕಲಬುರ್ಗಿಯೇ ಕೇಂದ್ರವಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಬೇರೆಯಾಯಿತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಬೆಂಗಳೂರಿನ ಕಡೆಗೆ ಕೈಮುಗಿದು ನಿಲ್ಲಬೇಕಾಗಿದ್ದ ಬಸ್ಸಿನ ಆಡಳಿತವು ಕಲಬುರ್ಗಿಗೆ ಬಂದುದು ಸಣ್ಣ ಗೆಲವಲ್ಲ.

ರೈಲಿನ ಆಡಳಿತದಲ್ಲಿ ಅಂತಹ ಗೆಲವು ನಮಗೆ ಒದಗಲಿಲ್ಲ. ಯಾದಗಿರಿಯ ನಿಲ್ದಾಣವು ಆಂಧ್ರದ ಗುಂತಕಲ್ಲಿನ ವಿಭಾಗಕ್ಕೆ ಸೇರಿರುವುದು. ಕಲಬುರ್ಗಿಯದು ಮಹಾರಾಷ್ಟ್ರದ ಸೊಲ್ಲಾಪುರಕ್ಕೆ. ನಾಡು ಒಂದಾಗಿ ಸುಮಾರು ಏಳು ದಶಕಗಳಾಗಿವೆ. ನಮ್ಮ ಹಳಿಗಳಿಗೆ ಮಾತ್ರ ಏಕೀಕರಣವಾಗಲಿಲ್ಲ. ಇದರಲ್ಲಿ ನೆರೆನಾಡಿನವರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಆದರೆ ಸುರಪುರದ ಬಸ್ಸು ಎಷ್ಟು ಹೊತ್ತಿಗೆ ಯಾದಗಿರಿಗೆ ಬರುವುದೆಂಬುದು ಗುಂತಕಲ್ಲಿನ ಅಧಿಕಾರಿಗೆ ತಿಳಿಯಬೇಕಾದ ಕಾರಣವಿಲ್ಲ. ರೈಲು ಎಷ್ಟು ಹೊತ್ತಿಗೆ ಹೊರಡುವುದೆಂಬುದರ ಹೊಣೆ ಸಾರಿಗೆ ಘಟಕದ ವ್ಯವಸ್ಥಾಪಕರದಲ್ಲ. ಇಬ್ಬರ ನಡುವೆ ನಿಂತವನು ಗಂಟು ಹೊತ್ತ ಪ್ರಯಾಣಿಕ.

ಇಂದಿನ ಸ್ಥಿತಿ

1982ರ ಸುಮಾರಿಗೆ ನಾರಾಯಣಪುರದ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಗಳಿಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ಕಡೆ ಭತ್ತ ಬಂದಿತು; ಹತ್ತಿ, ಮೆಣಸಿನಕಾಯಿಗಳ ಹೇರುಗಳು ಹೆಚ್ಚಿದವು. ಬೀದರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹಳೆಯ ರಾಜ್ಯ ಹೆದ್ದಾರಿಯ ಹಾದಿಯಲ್ಲಿಯೇ ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರುಗಳ ಮೇಲೆ ಬಳ್ಳಾರಿಯತ್ತ ಸಾಗುವ 150ಎ ಎಂಬ ರಾಷ್ಟ್ರೀಯ ಹೆದ್ದಾರಿಯಾಯಿತು. ಚಕ್ಕಡಿ ಹೂತು ನಿಲ್ಲುತ್ತಿದ್ದ ಎರೆಮಣ್ಣಿನ ಮೇಲೆ ಹದಿನಾರು ಗಾಲಿಯ ಲಾರಿಗಳು ಹಗಲಿರುಳೂ ಓಡುತ್ತಿವೆ. ಇದನ್ನು ಕಂಡೂ ಪ್ರಗತಿಯಾಗಿಲ್ಲವೆನ್ನುವವರು ಕಣ್ಣಿದ್ದೂ ಕುರುಡರು.

ಆದರೆ ಹೆದ್ದಾರಿಯ ಬದಿಯಲ್ಲಿರುವುದಕ್ಕೂ ಬಸ್ಸು ದೊರೆಯುವುದಕ್ಕೂ ಅಂತರವಿರುವುದು. ವೇಗದೂತ ಬಸ್ಸುಗಳು ತಾಲ್ಲೂಕಿನ ಊರಿನಿಂದ ತಾಲ್ಲೂಕಿನ ಊರಿಗೆ ಹಾರುವುವು. ನಡುವಣ ಹಳ್ಳಿಯ ಕ್ರಾಸಿನಲ್ಲಿ ಕೈಯೊಡ್ಡಿ ನಿಂತವರಿಗೆ ಅವುಗಳಿಂದ ದೊರೆಯುವುದು ಧೂಳು. ದೇವಾಪುರದಂತಹ ದಾರಿಬದಿಯ ಊರುಗಳಿಗೆ ಸಾಮಾನ್ಯ ಬಸ್ಸೇ ಗತಿ. ಅದು ತುಂಬಿ ಬಂದರೆ ಉಳಿಯುವುದು ಟಂಟಂ, ಕ್ರೂಸರು, ಅಥವಾ ಹೊಲಕ್ಕೆ ಹೊರಟ ಟ್ರ್ಯಾಕ್ಟರಿನ ಟ್ರೇಲರು. ಕೂಲಿಯ ಹೆಂಗಸರನ್ನು ಕುರಿಗಳಂತೆ ತುಂಬಿಕೊಂಡು ಹೋಗುವ ಬಂಡಿ ಉರುಳಿತೆಂಬ ಸುದ್ದಿಯನ್ನು ನಾವು ಎಷ್ಟು ಸಲ ಓದುವೆವು! ಓದಿದಾಗಲೆಲ್ಲ ಚಾಲಕನ ಅಜಾಗರೂಕತೆಯನ್ನು ನಿಂದಿಸಿ ಸುಮ್ಮನಾಗುವೆವು. ಆ ಹೊತ್ತಿಗೆ ಆ ಹಾದಿಯಲ್ಲಿ ಬಸ್ಸಿದ್ದಿತೇ ಎಂದು ಕೇಳುವವರು ಕಡಮೆ.

2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದೆ ಪ್ರಯಾಣ ಮಾಡುವ ಸೌಲಭ್ಯವು ದೊರೆತಿರುವುದು. ಶಕ್ತಿಯೆಂಬ ಈ ಯೋಜನೆಯ ಪರವಾಗಿಯೂ ವಿರುದ್ಧವಾಗಿಯೂ ಪಟ್ಟಣಗಳಲ್ಲಿ ಬೇಕಾದಷ್ಟು ವಾದ ನಡೆದಿದೆ. ಹಳ್ಳಿಯ ದೃಷ್ಟಿಯಿಂದ ನಾವು ಹೇಳುವುದು ಒಂದೇ ಮಾತು. ಗಂಡನ ಕೈಯಿಂದ ಐವತ್ತು ರೂಪಾಯಿ ಬೇಡದೆ ಸುರಪುರದ ದವಾಖಾನೆಗೆ ಹೋಗಿ ಬರುವ ಹೆಂಗಸಿಗೆ ಇದು ದೊಡ್ಡ ಸಂಗತಿ. ಆದರೆ ಚೀಟಿಯು ಪುಕ್ಕಟೆಯಾದ ಮಾತ್ರಕ್ಕೆ ಬಸ್ಸು ಬಂದಂತಾಗುವುದಿಲ್ಲ. ಬಾರದ ಬಸ್ಸಿನಲ್ಲಿ ಶೂನ್ಯ ದರವು ಶೂನ್ಯವಾದ ಸೌಲಭ್ಯವೇ ಸರಿ. ಹತ್ತುವವರು ಹೆಚ್ಚಿದಷ್ಟು ಬಂಡಿಗಳೂ ಹೆಚ್ಚಬೇಕು. ಇಲ್ಲವಾದರೆ ಬಾಗಿಲಿಗೆ ಜೋತು ಬೀಳುವ ವಿದ್ಯಾರ್ಥಿಗಳ ಜೀವದ ಮೇಲೆ ಆ ಪುಣ್ಯದ ವೆಚ್ಚವು ಬೀಳುವುದು.

ಇನ್ನು ಗುಳೆ. ಒಣಬೇಸಾಯದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಸಂಸಾರಸಮೇತ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಮಣ್ಣು ಕಲ್ಲಿನ ಕೆಲಸಕ್ಕೆ ಹೋಗುವವರನ್ನು ಸುರಪುರ, ಶಹಾಪುರ, ಯಾದಗಿರಿಗಳ ನಿಲ್ದಾಣಗಳಲ್ಲಿ ಕಾಣದವರಿಲ್ಲ. ಪಾತ್ರೆಯ ಗಂಟು, ಜೋಳದ ಹಿಟ್ಟಿನ ಚೀಲ, ಕಂಕುಳಲ್ಲಿ ಕೂಸು. ಅವರನ್ನು ಹೊತ್ತೊಯ್ಯುವುದು ಬೆಂಗಳೂರಿನ ರಾತ್ರಿಯ ಬಸ್ಸು, ಇಲ್ಲವೆ ಉದ್ಯಾನ ಎಕ್ಸ್‌ಪ್ರೆಸ್ಸಿನ ಸಾಮಾನ್ಯ ದರ್ಜೆಯ ಡಬ್ಬಿ. ದಾರಿಗಳು ನಾಡನ್ನು ಶ್ರೀಮಂತಗೊಳಿಸುವುವೆಂಬುದು ನಿಜ. ದುಡಿಮೆಯಿಲ್ಲದ ಊರಿಗೆ ಬಂದ ದಾರಿಯು ಮೊದಲು ಒಯ್ಯುವುದು ಅಲ್ಲಿಯ ಜನರನ್ನೇ ಎಂಬುದೂ ಅಷ್ಟೇ ನಿಜ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಯಾದಗಿರಿ, ಶಹಾಪುರ, ಸುರಪುರಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ದಿನದ ಕೆಲಸಕ್ಕೆ ಹೋಗಿ ಸಂಜೆಗೆ ಮನೆಗೆ ಮರಳಬಹುದಾದ ಸಾರಿಗೆಯಿದ್ದರೆ ಹತ್ತಿರದ ಪೇಟೆಗಳಲ್ಲಿಯೇ ದುಡಿಯಬಹುದಾದವರು ಕೆಲವರಾದರೂ ಊರಲ್ಲಿ ಉಳಿದಾರು. ಅವರ ಮಕ್ಕಳು ಶಾಲೆಯಲ್ಲಿ ಉಳಿದಾರು.

ಬರುವ ರೈಲು

ಈ ಎಡೆನಾಡಿಗೆ ರೈಲಿನ ಯೋಗವು ಬಾರದೇ ಹೋಗಿಲ್ಲ. ಗದಗಿನಿಂದ ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರಗಳ ಮೇಲೆ ವಾಡಿಗೆ ಹೋಗುವ 250 ಕಿಲೋಮೀಟರಿಗೂ ಮೀರಿದ ಹೊಸ ಹಾದಿಯು 2013–14ರಲ್ಲಿ ಮಂಜೂರಾಯಿತು. ವೆಚ್ಚದಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧರ್ಧ ಪಾಲು. 2025ರ ಮೇ ತಿಂಗಳಲ್ಲಿ ಕುಷ್ಟಗಿಯು ಮೊದಲ ಬಾರಿಗೆ ರೈಲನ್ನು ಕಂಡಿತು. ಈ ಹಾದಿ ಪೂರ್ತಿಯಾದ ದಿನ 1871ರಲ್ಲಿ ಹೊಳೆಯಾಚೆಗೆ ಹೋದ ರೈಲು ಈಚೆಗೆ ಬಂದಂತಾಗುವುದು. ಆದರೆ ಕಲಬುರ್ಗಿ–ಬೀದರ ಹಾದಿಯ ಅನುಭವವು ನಮ್ಮ ಕಣ್ಣ ಮುಂದಿದೆ. 110 ಕಿಲೋಮೀಟರಿನ ಆ ಹಾದಿಗೆ ಇಪ್ಪತ್ತು ವರ್ಷಗಳ ಸುಮಾರು ಹಿಡಿದು, 2017ರ ಅಕ್ಟೋಬರ್ 29ರಂದು ರೈಲು ಓಡಿತು. ಯಾದಗಿರಿ ತಾಲ್ಲೂಕಿನ ಕಡೇಚೂರಿನಲ್ಲಿ ರೈಲಿನ ಬೋಗಿಗಳ ಚೌಕಟ್ಟನ್ನು ತಯಾರಿಸುವ ಕಾರ್ಖಾನೆಯಿರುವುದು. ದೇಶದ ರೈಲುಗಳಿಗೆ ಚೌಕಟ್ಟನ್ನು ಕಟ್ಟಿಕೊಡುವ ಜಿಲ್ಲೆಯ ಹಳೆಯ ಮೂರು ತಾಲ್ಲೂಕುಗಳಲ್ಲಿ ಎರಡಕ್ಕೆ ರೈಲೇ ಇಲ್ಲವೆಂಬುದು ಹೆಮ್ಮೆಯ ಮಾತಲ್ಲ.

ಹೊಸ ಹಾದಿಯ ನಿಲ್ದಾಣಗಳನ್ನು ಗೊತ್ತು ಮಾಡುವವರು ಹಳೆಯ ಪಾಠವನ್ನು ಮರೆಯದಿರಲಿ. ನಿಲ್ದಾಣವು ಊರಿಗೆ ದೂರವಾಗಿ, ಅಲ್ಲಿಗೆ ಸರಿಯಾದ ರಸ್ತೆಯೂ ಬಸ್ಸೂ ಇಲ್ಲದಿದ್ದರೆ, ಹಳಿಯು ಹಳ್ಳಿಯನ್ನು ಹಾದುಹೋಗುವುದೇ ಹೊರತು ಹಳ್ಳಿಗೆ ಬರುವುದಿಲ್ಲ. ಹತ್ತಿ ಭತ್ತಗಳನ್ನು ಹೇರುವ ಅಂಗಳವೂ ಗೋದಾಮೂ ನಿಲ್ದಾಣದೊಡನೆಯೇ ಆಗಬೇಕು, ತರುವಾಯದ ಮಾತಾಗಬಾರದು.

ನಷ್ಟದ ಲೆಕ್ಕ

ಹಳ್ಳಿಯ ಬಸ್ಸು ನಷ್ಟದ ಬಾಬತ್ತೆಂದು ಅಧಿಕಾರಿಗಳು ಹೇಳುವರು. ಅವರ ಲೆಕ್ಕವನ್ನು ನಾವು ಸುಳ್ಳೆನ್ನುವುದಿಲ್ಲ. ಆದರೆ ಇತಿಹಾಸದ ಒಂದು ಲೆಕ್ಕವನ್ನು ಅವರೂ ಓದಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ದೇಶದಲ್ಲಿ ಹಳಿ ಹಾಕಿದ ಕಂಪನಿಗಳಿಗೆ ಸರಕಾರವು ನೂರಕ್ಕೆ ಐದರಂತೆ ಬಡ್ಡಿಯ ಖಾತರಿಯನ್ನು ಕೊಟ್ಟಿದ್ದಿತು. ಬಂಡಿಗಳು ಬರಿದಾಗಿ ಓಡಿದರೂ ಲಂಡನ್ನಿನ ಪಾಲುದಾರನ ಬಡ್ಡಿ ತಪ್ಪುತ್ತಿರಲಿಲ್ಲ. ಕೊರತೆಯನ್ನು ತುಂಬುತ್ತಿದ್ದುದು ಇಲ್ಲಿಯ ರೈತನ ಕಂದಾಯ. ನಿಜಾಮರ ಖಜಾನೆಯೂ ತನ್ನ ರೈಲ್ವೆ ಕಂಪನಿಗೆ ಅಂತಹದೇ ಖಾತರಿಯನ್ನು ಹೊತ್ತಿದ್ದಿತು. ಪರದೇಶದ ಹಣವಂತನಿಗಾಗಿ ನಷ್ಟವನ್ನು ತಾಳಿದ ನಾಡು, ತನ್ನ ಹಳ್ಳಿಯ ಶಾಲೆಯ ಹುಡುಗಿಗಾಗಿ ಬೆಳಗೊಂದು ಸಂಜೆಯೊಂದು ಬಸ್ಸಿನ ನಷ್ಟವನ್ನು ತಾಳಲಾರದೇ? ರಸ್ತೆಯು ಲಾಭ ತರುವುದಿಲ್ಲ, ಶಾಲೆಯು ಲಾಭ ತರುವುದಿಲ್ಲ, ಕೆರೆಯ ಕಟ್ಟೆಯೂ ಲಾಭ ತರುವುದಿಲ್ಲ. ಅವುಗಳ ಲಾಭವು ಅವುಗಳ ಲೆಕ್ಕದ ಪುಸ್ತಕದಲ್ಲಿರದೆ ನಾಡಿನ ಬಾಳಿನಲ್ಲಿರುವುದು. ಹಾಗೆಂದು ನಷ್ಟವನ್ನೆಲ್ಲ ನಿಗಮದ ತಲೆಗೆ ಕಟ್ಟಿ ಅದು ಕುಸಿಯುವಂತೆ ಮಾಡುವುದೂ ತಕ್ಕುದಲ್ಲ. ಸರಕಾರವು ತಾನು ಕೊಟ್ಟ ಮಾತಿನ ಹಣವನ್ನು ಹೊತ್ತಿಗೆ ಸರಿಯಾಗಿ ನಿಗಮಕ್ಕೆ ಸಲ್ಲಿಸಬೇಕು.

ಆಗಬೇಕಾದ ಕಾರ್ಯಗಳು ಅಸಾಧ್ಯವಾದುವಲ್ಲ. ಮೊದಲನೆಯದಾಗಿ, ಯಾದಗಿರಿಯ ಮುಖ್ಯ ರೈಲುಗಳ ಹೊತ್ತಿಗೆ ಹೊಂದುವಂತೆ ಶಹಾಪುರ ಸುರಪುರಗಳ ಬಸ್ಸುಗಳ ವೇಳಾಪಟ್ಟಿಯನ್ನು ತಿದ್ದಬೇಕು. ಇದಕ್ಕಾಗಿ ರೈಲ್ವೆಯ ಹಾಗೂ ಸಾರಿಗೆಯ ಅಧಿಕಾರಿಗಳು ಜಿಲ್ಲಾಧಿಕಾರಿಗಳ ಮುಂದೆ ವರ್ಷಕ್ಕೆರಡು ಸಲ ಕುಳಿತು ಮಾತನಾಡಿದರೆ ಸಾಕು, ಹೊಸ ಕಾನೂನು ಬೇಡ. ಎರಡನೆಯದಾಗಿ, ಶಾಲೆ ಕಾಲೇಜುಗಳ ಹೊತ್ತಿನಲ್ಲಿ ವೇಗದೂತ ಬಸ್ಸುಗಳೂ ದೇವಾಪುರದಂತಹ ಹೆದ್ದಾರಿಯ ಊರುಗಳಲ್ಲಿ ನಿಲ್ಲುವಂತೆ ಆಜ್ಞೆಯಾಗಬೇಕು. ಎರಡು ನಿಮಿಷದ ತಡದಿಂದ ಬೆಂಗಳೂರಿನ ಪ್ರಯಾಣಿಕನು ಮುಳುಗಿಹೋಗಲಾರನು. ಮೂರನೆಯದಾಗಿ, ಕ್ರಾಸುಗಳಲ್ಲಿ ನೆರಳು, ಕುಡಿಯುವ ನೀರು, ದೀಪ, ಬಸ್ಸಿನ ಹೊತ್ತನ್ನು ಬರೆದ ಕನ್ನಡದ ಹಲಗೆ ಇವಿಷ್ಟನ್ನು ಪಂಚಾಯತಿಗಳು ಒದಗಿಸಬೇಕು. ತಿಂಥಣಿಯ ಮೌನೇಶ್ವರನ ಜಾತ್ರೆಗೂ ಮೈಲಾಪುರದ ಮಲ್ಲಯ್ಯನ ಜಾತ್ರೆಗೂ ನೂರಾರು ಬಸ್ಸುಗಳನ್ನು ಕೂಡಿಸಿ ಓಡಿಸಬಲ್ಲವರಿಗೆ ನಿತ್ಯದ ನಾಲ್ಕು ಬಸ್ಸುಗಳನ್ನು ಹೊತ್ತಿಗೆ ಓಡಿಸುವುದು ಮೀರಿದ ಕಾರ್ಯವಲ್ಲ.

ಜನರ ಕರ್ತವ್ಯವೂ ಉಂಟು. ಬಸ್ಸು ಬಾರದಿದ್ದರೆ ದಾರಿಯಲ್ಲಿ ಕುಳಿತು ತಡೆಯುವುದು, ಬಂದ ಬಸ್ಸಿನ ಗಾಜಿಗೆ ಕಲ್ಲು ಬೀಸುವುದು ನಮ್ಮಲ್ಲಿ ಬೆಳೆಯುತ್ತಿರುವ ಕೆಟ್ಟ ರೂಢಿ. ಒಡೆದ ಗಾಜಿನ ಬಸ್ಸು ಘಟಕದಲ್ಲಿ ನಿಂತಷ್ಟು ದಿನ ಆ ಹಾದಿಯ ಮಕ್ಕಳೇ ನಡೆದು ಹೋಗಬೇಕಾಗುವುದು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಯಾವ ಹೊತ್ತಿಗೆ ಎಷ್ಟು ಜನರು ಎಲ್ಲಿಗೆ ಹೋಗುವರೆಂಬ ಲೆಕ್ಕವನ್ನು ಬರೆದು, ಅಧಿಕಾರಿಗಳ ಮುಂದಿಟ್ಟು, ಉತ್ತರ ಬರುವವರೆಗೆ ಬೆನ್ನು ಬಿಡದಿರುವುದು ಪ್ರಜೆಗಳಿಗೆ ತಕ್ಕ ಹಾದಿ. ನಾಯಕ ಅರಸರ ಕಾಲದಲ್ಲಿ ಖಡ್ಗ ಹಿಡಿದು ಕಾದ ಸೀಮೆಯಿದು. ಇಂದು ಲೇಖನಿ ಹಿಡಿದು ಕಾದುವುದು ಅದಕ್ಕೆ ಕಠಿಣವಾಗಲಾರದು.

ದಾರಿಗಳನ್ನು ಹಾಕುವಾಗ ಹಿಂದಿನ ಪ್ರಭುಗಳು ಬಂದರುಗಳನ್ನು ನೋಡಿದರು, ದಂಡಿನ ಠಾಣ್ಯಗಳನ್ನು ನೋಡಿದರು, ಪಾಲುದಾರರ ಬಡ್ಡಿಯನ್ನು ನೋಡಿದರು. ಪ್ರಜೆಗಳ ಸರಕಾರವು ಊರಿನ ಕ್ರಾಸಿನಲ್ಲಿ ಪುಸ್ತಕದ ಚೀಲವನ್ನು ಹಿಡಿದು ನಿಂತವರನ್ನು ನೋಡಬೇಕು. ಕೇಂದ್ರ ಸರಕಾರದವರು ಗದಗ–ವಾಡಿ ಹಾದಿಯನ್ನು ವಿಳಂಬಿಸದೆ ಕೃಷ್ಣೆಯನ್ನು ದಾಟಿಸಿ ಸುರಪುರಕ್ಕೆ ಮುಟ್ಟಿಸುವರೆಂದೂ, ರಾಜ್ಯ ಸರಕಾರದವರು ಅಲ್ಲಿಯವರೆಗೆ ಇದ್ದ ಬಸ್ಸುಗಳನ್ನಾದರೂ ಇದ್ದ ರೈಲುಗಳೊಡನೆ ಹೊಂದಿಸಿ ಓಡಿಸುವರೆಂದೂ ನಾವು ನಿರೀಕ್ಷಿಸುವೆವು.